ಫೋನಿನ ಫೋಟೊಗಳಿಗೆ ಹಳೆಯ ಲ್ಯಾಪ್‌ಟಾಪಿನ ಆಸರೆ

ನೀರಿಗೆ ಬಿದ್ದ ಅಥವಾ ನೆಲಕ್ಕೆ ಬಿದ್ದು ಸತ್ತ ಫೋನನ್ನು ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿಯವರು ಮೊದಲು ಕೇಳುವುದು ‘ಡೇಟಾ ಬೇಕಾ?’ ಅಂತ. ಡಿಸ್‌ಪ್ಲೇ ಹೋಗಿದ್ದರೆ ಬದಲಾಯಿಸಬಹುದು, ಚಾರ್ಜಿಂಗ್ ಪಿನ್ ಹೋಗಿದ್ದರೆ ಹೊಸದನ್ನು ಬೆಸೆಯಬಹುದು. ಬೋರ್ಡೇ ಹೋಗಿದ್ದರೆ? ಹತ್ತು–ಹನ್ನೆರಡು ವರ್ಷಗಳ ಹಿಂದೆ ಮೆಮೊರಿ ಚಿಪ್ಪನ್ನು ಕಿತ್ತು ಬೇರೊಂದು ಸಾಧನದಲ್ಲಿ ಕೂರಿಸಿ ಓದುವ ದಾರಿಯಾದರೂ ಇತ್ತು. ಈಗ ಆ ದಾರಿ ಮುಚ್ಚಿದೆ. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಹಿಡಿದು ಇಂದಿನವರೆಗೆ, ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲೇ ಇರಬೇಕೆಂಬುದು ಕಡ್ಡಾಯ. ಐಫೋನಿನಲ್ಲಿ ಅದಕ್ಕೂ ಮೊದಲಿನಿಂದಲೇ ಹಾಗಿದೆ. ಆ ಗೂಢಲಿಪಿಯ ಕೀಲಿ ಅದೇ ಫೋನಿನ ಪ್ರೊಸೆಸರಿನೊಳಗೆ ಹುದುಗಿರುತ್ತದೆ. ಚಿಪ್ಪನ್ನಷ್ಟೇ ಹೊರತೆಗೆದರೆ ಕೈಗೆ ಬರುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಫೋನು ಕದ್ದವನ ಕೈಯಿಂದ ನಮ್ಮ ಚಿತ್ರಗಳನ್ನು ಕಾಪಾಡುವ ಏರ್ಪಾಟೇ, ಫೋನು ಸತ್ತ ದಿನ ನಮ್ಮನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತದೆ.

ಸ್ಟುಡಿಯೊಗಳ ಕಾಲದಲ್ಲಿ ಹೀಗಿರಲಿಲ್ಲ. ಮದುವೆಯ ಚಿತ್ರದ ನೆಗೆಟಿವ್ ಸ್ಟುಡಿಯೊದವರ ಬಳಿ ಇರುತ್ತಿತ್ತು, ಒಂದು ಪ್ರತಿ ಗಂಡನ ಮನೆಯ ಆಲ್ಬಮ್ಮಿನಲ್ಲಿ, ಇನ್ನೊಂದು ತವರು ಮನೆಯ ಗೋಡೆಯ ಮೇಲೆ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಆದರೂ ಒಂದೇ ಚಿತ್ರ ಮೂರು ಊರಲ್ಲಿ, ಮೂರು ಬೇರೆ ಬೇರೆ ಕೈಗಳಲ್ಲಿ ಉಳಿಯುತ್ತಿತ್ತು. ಮಲೆನಾಡಿನ ಮಳೆಗಾಲಕ್ಕೆ ಒಂದು ಆಲ್ಬಮ್ ಬೂಷ್ಟು ಹಿಡಿದರೆ ಇನ್ನೊಂದು ಮನೆಯಲ್ಲಿ ಅದೇ ಚಿತ್ರ ನೆಟ್ಟಗಿರುತ್ತಿತ್ತು. ಇವತ್ತು ನಾವು ತೆಗೆಯುವ ಚಿತ್ರಗಳ ಸಂಖ್ಯೆ ಆಗಿನದರ ನೂರಾರು ಪಟ್ಟು. ಆದರೆ ಅವುಗಳಲ್ಲಿ ಹೆಚ್ಚಿನವು ಇರುವುದು ಒಂದೇ ಕಡೆ: ಜೇಬಿನಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಓಡಾಡುವ ಒಂದು ಗಾಜಿನ ಫಲಕದೊಳಗೆ.

‘ಎಲ್ಲಾ ಗೂಗಲ್‌ನಲ್ಲಿ ಇದ್ದಾವಲ್ಲ’ ಎನ್ನುವ ಮಾತು ಈಗ ಮನೆಮನೆಯಲ್ಲೂ ಕೇಳುತ್ತದೆ. ಅದು ಅರ್ಧ ನಿಜ. 2015ರಲ್ಲಿ ಗೂಗಲ್ ಫೋಟೋಸ್ ಶುರುವಾದಾಗ, ಕೊಂಚ ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಆ ಮೇಲೆ ಉಚಿತವಾಗಿ ಉಳಿದದ್ದು 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ 2023ರ ಕೊನೆಯಿಂದ ಹಂತಹಂತವಾಗಿ ಅದೇ ಲೆಕ್ಕಕ್ಕೆ ಸೇರಿತು. 15 ಜಿಬಿ ತುಂಬಿದ ದಿನ ಫೋಟೊಗಳು ಮೇಲೆ ಹೋಗುವುದು ನಿಲ್ಲುತ್ತದೆ. ‘ಜಾಗ ತುಂಬಿದೆ’ ಎಂಬ ಸೂಚನೆಯನ್ನು ಜಾಹೀರಾತೆಂದುಕೊಂಡು ಬೆರಳಿನಿಂದ ಪಕ್ಕಕ್ಕೆ ಸರಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಅಲ್ಲಿಂದ ಮುಂದಿನ ಚಿತ್ರಗಳೆಲ್ಲ ಫೋನಿನಲ್ಲಿ ಮಾತ್ರ ಇರುತ್ತವೆ. ಎರಡು ವರ್ಷ ಹಿಂದೆಯೇ ಬ್ಯಾಕಪ್ ನಿಂತದ್ದು ಫೋನು ಕೆಟ್ಟ ಮೇಲೆ ತಿಳಿಯುವುದು ಅಪರೂಪವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯದ್ದು. ಗೂಗಲ್ ಫೋಟೋಸ್, ಐಕ್ಲೌಡ್ ಇವೆರಡೂ ಮುಖ್ಯವಾಗಿ ಮಾಡುವುದು ಸಿಂಕ್. ಅದು ಕನ್ನಡಿ ಇದ್ದ ಹಾಗೆ: ಈಚೆ ಏನಿದೆಯೋ ಅದೇ ಆಚೆ. ಬ್ಯಾಕಪ್ ಆದ ಚಿತ್ರವನ್ನು ಆ ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡಿನಿಂದಲೂ ಹೋಗುತ್ತದೆ. ಗೂಗಲ್‌ನ ಕಸದ ಬುಟ್ಟಿಯಲ್ಲಿ 60 ದಿನ, ಆ್ಯಪಲ್‌ನಲ್ಲಿ 30 ದಿನ ಇದ್ದು ಆಮೇಲೆ ಅಳಿದೇಹೋಗುತ್ತದೆ. ಮಗು ಆಟವಾಡುತ್ತಾ ಅಳಿಸಿದರೂ ಅಷ್ಟೆ, ಜಾಗ ಬೇಕೆಂದು ನಾವೇ ಅಳಿಸಿದರೂ ಅಷ್ಟೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸಿಹಾಕುವ ಹಕ್ಕನ್ನೂ ಗೂಗಲ್ ತನ್ನ ನಿಯಮದಲ್ಲಿ ಇಟ್ಟುಕೊಂಡಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಮಾತ್ರ ಇರುವ ಚಿತ್ರಗಳಿಗೆ ಈ ನಿಯಮ ಏನು ಮಾಡಬಹುದೆಂದು ಒಮ್ಮೆ ಯೋಚಿಸಿ. ಕ್ಲೌಡ್ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಗೆ ಬೆಂಕಿ ಬಿದ್ದರೂ ಉಳಿಯುವ ಪ್ರತಿ ಅದು. ಆದರೆ ನಮ್ಮ ಅನುಮತಿಯಿಲ್ಲದೆ ನಿಯಮ ಬದಲಾಗದ, ತಿಂಗಳ ಬಾಡಿಗೆ ಕೇಳದ, ಫೋನಿನಲ್ಲಿ ಅಳಿಸಿದರೂ ಅಳಿಯದ ಇನ್ನೊಂದು ಪ್ರತಿ ನಮ್ಮ ಮನೆಯೊಳಗೇ ಇರಬೇಕು. ಅದಕ್ಕೆ ಹಳೆಯ ಲ್ಯಾಪ್‌ಟಾಪಿನಷ್ಟು ಹೊಂದುವ ಸಾಧನ ನನಗೆ ಬೇರೆ ಕಾಣುವುದಿಲ್ಲ.

ಈಗ ಅಂಥ ಲ್ಯಾಪ್‌ಟಾಪುಗಳು ಧಾರಾಳವಾಗಿ ಸಿಗುವುದಕ್ಕೂ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನದಾದರೆ ಸುಮಾರಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕೆ ಈಚಿನ ಪ್ರೊಸೆಸರ್ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಅದಿಲ್ಲದ, ಆದರೆ ಮೈಕಟ್ಟು ಗಟ್ಟಿಯಾಗಿರುವ ಯಂತ್ರಗಳು ಕಚೇರಿಗಳಿಂದ ಸಾಲುಸಾಲಾಗಿ ಹೊರಬೀಳುತ್ತಿವೆ. ಕಂಪನಿಗಳು ಮೂರು–ನಾಲ್ಕು ವರ್ಷದ ಲೀಸ್ ಮುಗಿದ ಮೇಲೆ ಹಿಂದಿರುಗಿಸಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತವೆ. ಹುಬ್ಬಳ್ಳಿ, ಮಂಗಳೂರು, ಮೈಸೂರಿನ ಕಂಪ್ಯೂಟರ್ ಅಂಗಡಿಗಳಲ್ಲೂ ಸಿಗುತ್ತವೆ. ಫೋಟೊ ಕಾಪಾಡುವ ಕೆಲಸಕ್ಕೆ ವೇಗದ ಪ್ರೊಸೆಸರ್ ಬೇಕಿಲ್ಲ, ದೊಡ್ಡ ಗ್ರಾಫಿಕ್ಸ್ ಬೇಕಿಲ್ಲ. 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 8 ಇದ್ದರೆ ಸುಖ. ಕಾಪಿಯಾಗುತ್ತಿರುವಾಗ ಕರೆಂಟ್ ಹೋದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ತಕ್ಷಣ ಆರಿಹೋಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆ ಬಂದರೂ ಕೈಯಲ್ಲಿರುವ ಕೆಲಸವನ್ನು ಸರಿಯಾಗಿ ಮುಗಿಸಬಹುದು. ನಮ್ಮ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಕೊಳ್ಳುವಾಗ ನೋಡಬೇಕಾದ್ದನ್ನು ಬೇಗ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ತಳ ಅಲುಗಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅದು ಬೆಂಕಿಯ ಅಪಾಯ, ಬೇರೆ ಬ್ಯಾಟರಿ ಹಾಕದೆ ಮನೆಗೆ ತರಬೇಡಿ. ಆನ್ ಮಾಡುವಾಗ ಬಯೋಸ್ ಪಾಸ್‌ವರ್ಡ್ ಕೇಳುತ್ತದೆಯೇ, ವಿಂಡೋಸ್ ಹೊಸದಾಗಿ ಹಾಕಿದಾಗ ಯಾವುದಾದರೂ ಕಂಪನಿಯ ಹೆಸರು ತೋರಿಸಿ ಅವರ ಲಾಗಿನ್ ಬೇಡುತ್ತದೆಯೇ ನೋಡಿ. ಹಾಗಿದ್ದರೆ ಆ ಯಂತ್ರ ಇನ್ನೂ ಹಳೆಯ ಮಾಲೀಕರ ಬೀಗದಲ್ಲಿದೆ ಎಂದರ್ಥ. ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ. ಬಿಲ್ ಕೇಳಿ ಪಡೆಯಿರಿ. ಸ್ಕ್ರೀನಿನ ಮೇಲಿನ ಗೀರು, ಅಕ್ಷರ ಅಳಿಸಿದ ಕೀಬೋರ್ಡು ನಮ್ಮ ಕೆಲಸಕ್ಕೆ ಅಡ್ಡಿಯಲ್ಲ. ಬೆಲೆ ಇಳಿಸಲು ಅವೇ ನೆಪ.

ಡಿಸ್ಕು ಮಾತ್ರ ಹೊಸದಿರಲಿ

ನಿಲ್ಲಬೇಕಾದ ಜಾಗ ಇದು. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಚಿಂತೆಯಿಲ್ಲ, ಆದರೆ ಅದರೊಳಗಿನ ಡಿಸ್ಕನ್ನು ನಂಬಿ ಮನೆಯ ಚಿತ್ರಗಳನ್ನು ಇಡಬಾರದು. ಮದರ್‌ಬೋರ್ಡು ಸುಟ್ಟರೆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಗೂಢಲಿಪಿಯ ಬೀಗ ಇಲ್ಲದಿದ್ದಾಗ, ಚಿತ್ರಗಳು ಹಾಗೆಯೇ ಸಿಗುತ್ತವೆ. ಡಿಸ್ಕೇ ಹೋದರೆ ಮಾತ್ರ ಎಲ್ಲವೂ ಹೋದಂತೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅತಿ ಹೆಚ್ಚು ಸವೆದಿರುವ ಭಾಗಗಳಲ್ಲಿ ಬ್ಯಾಟರಿಯ ಜೊತೆ ಈ ಡಿಸ್ಕೂ ಒಂದು.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕೂದಲಿನ ಎಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಒಮ್ಮೆ ತಾಗಿದರೂ ಗಾಯ. ಈ ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಲಿನಕ್ಸ್‌ನಲ್ಲಿ ‘ಡಿಸ್ಕ್ಸ್’ ಎಂಬ ತಂತ್ರಾಂಶದಲ್ಲೇ ಸಿಗುತ್ತದೆ. ಮೂರು ಸಾಲು ನೋಡಿದರೆ ಸಾಕು. 5ನೆಯ ಸಾಲು ಕೆಟ್ಟು ಬದಲಾದ ಸೆಕ್ಟರುಗಳದು, 197ನೆಯದು ಓದಲಾಗದೆ ಅನುಮಾನದಲ್ಲಿರುವ ಸೆಕ್ಟರುಗಳದು, 9ನೆಯದು ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದರದು. ಮೊದಲ ಎರಡು ಸೊನ್ನೆಯಾಗಿರಬೇಕು. ದಿನಕ್ಕೆ 9 ಗಂಟೆಯಂತೆ ವರ್ಷಕ್ಕೆ 250 ದಿನ ಕಚೇರಿಯಲ್ಲಿ ದುಡಿದ ಲ್ಯಾಪ್‌ಟಾಪಿನ ಡಿಸ್ಕು ನಾಲ್ಕು ವರ್ಷಕ್ಕೆ ಸುಮಾರು 9,000 ಗಂಟೆ ಓಡಿರುತ್ತದೆ. ‘ಹೆಚ್ಚು ಬಳಸಿಲ್ಲ ಸಾರ್’ ಎಂದು ಕೊಟ್ಟದ್ದರಲ್ಲಿ 25,000 ಗಂಟೆ ಕಂಡರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಸೊನ್ನೆ ಇದೆ ಎಂದರೆ ನಿಶ್ಚಿಂತೆಯೇ? ಅಲ್ಲ. ಗೂಗಲ್‌ನ ಮೂವರು ಎಂಜಿನಿಯರುಗಳು ತಮ್ಮ ಕಂಪನಿಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಓದುವಾಗ ಮೊದಲ ದೋಷ ಕಾಣಿಸಿಕೊಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಸಾಧ್ಯತೆಯಿಂದ ಮುಂದಿನ 60 ದಿನಗಳೊಳಗೆ ಸಾಯುತ್ತದೆ ಎಂದು ಅವರು ಕಂಡುಕೊಂಡರು. ಅದೇ ಪ್ರಬಂಧದ ಇನ್ನೊಂದು ಮಾತು ನಮಗೆ ಇದಕ್ಕಿಂತ ಮುಖ್ಯ: ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆ ಸತ್ತಿದ್ದವು. ಕೆಂಪು ದೀಪ ಕಂಡರೆ ನಂಬಬೇಕು, ಹಸಿರು ದೀಪ ಕಂಡು ಮಲಗಬಾರದು. ಇಷ್ಟಾಗಿ ಆ ದಾಖಲೆಯನ್ನು ತಿದ್ದಲೂಬಹುದು. ವರ್ಷಗಟ್ಟಲೆ ದುಡಿದ ಡಿಸ್ಕುಗಳ ಗಂಟೆಯ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಹೊಸದೆಂದು ಮಾರಿದ ಜಾಲವೊಂದನ್ನು 2025ರ ಆರಂಭದಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಕರ್ತರು ಬಯಲಿಗೆಳೆದರು.

ಹಾಗಾಗಿ ಉಳಿತಾಯವನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ, ಡಿಸ್ಕಿನಲ್ಲಿ ಬೇಡ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಡಿಸ್ಕಿಗೆ ಜಾಗವಿರುತ್ತದೆ, ಕೊಂಚ ಹೊಸದರಲ್ಲಿ ಚ್ಯೂಯಿಂಗ್ ಗಮ್ ಪಟ್ಟಿಯಷ್ಟಗಲದ ಎಂ.2 ಇರುತ್ತದೆ. ಯಾವುದೆಂದು ಮಾದರಿಯ ಹೆಸರು ಹಾಕಿ ಖಚಿತಪಡಿಸಿಕೊಂಡು, ವಾರಂಟಿ ಇರುವ ಹೊಸ ಎಸ್‌ಎಸ್‌ಡಿ ಹಾಕಿಸಿ. ನಾಲ್ಕು ಜನರ ಮನೆಯಲ್ಲಿ ತಲಾ 60 ಜಿಬಿಯಂತೆ ಹಿಡಿದರೂ 240 ಜಿಬಿ ಆಗುತ್ತದೆ. 500 ಜಿಬಿ ಸದ್ಯಕ್ಕೆ ಸಾಕು, ಒಂದು ಟಿಬಿ ಆದರೆ ಇನ್ನೂ ಹಲವು ವರ್ಷಕ್ಕೆ ಆಗುತ್ತದೆ. ಕಳಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಡಬೇಡಿ ಎಂಬ ಮಾತನ್ನೂ ಇಲ್ಲೇ ಸೇರಿಸಬೇಕು. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್‌ಫಿಂಕೆಲ್ ಮತ್ತು ಅಭಿ ಶೆಲತ್ ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಬರೆದರು. 158ರಲ್ಲಿ 129 ಕೆಲಸ ಮಾಡುತ್ತಿದ್ದವು. ಆ 129ರಲ್ಲಿ ಮಾಹಿತಿಯನ್ನು ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ವೈದ್ಯಕೀಯ ವಿವರಗಳೂ ಸಿಕ್ಕವು. ನೀವು ಕೊಂಡ ಡಿಸ್ಕಿನಲ್ಲಿ ಇನ್ನೊಬ್ಬರ ಬದುಕು ಉಳಿದಿದ್ದರೆ ತೆರೆದು ನೋಡದೆ ಪೂರ್ತಿ ಅಳಿಸುವುದು ಮರ್ಯಾದೆ.

ಹೊಸ ಡಿಸ್ಕಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದು? ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ಅದನ್ನೇ ಹಾಕಿ. ಇಲ್ಲವಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಪುಕ್ಕಟೆ ಸಿಗುತ್ತದೆ, ಭದ್ರತಾ ಪರಿಷ್ಕರಣೆಗಳೂ ಬರುತ್ತಿರುತ್ತವೆ. ಫೋನ್ ಚುಚ್ಚಿ ಚಿತ್ರ ಕಾಪಿ ಮಾಡಲು ಅದರಲ್ಲಿ ವಿಶೇಷ ವಿದ್ಯೆಯೇನೂ ಬೇಡ. ಬೆಂಬಲ ನಿಂತ ವಿಂಡೋಸ್‌ನಲ್ಲಿ ಇಂಟರ್‌ನೆಟ್ ಆಡಿಸುತ್ತಾ ಅದರಲ್ಲೇ ಮನೆಯ ಚಿತ್ರಗಳನ್ನೂ ಇಡುವುದು ಮಾತ್ರ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ವಿಂಡೋಸ್‌ನ ಒಂದು ಬಿರುಕಿನ ಮೂಲಕ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಆ ಬಿರುಕನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳು ಮೊದಲೇ ಬಂದಿತ್ತು; ಹಾಕಿಕೊಂಡಿರದವರು ಸಿಕ್ಕಿಬಿದ್ದರು.

ಕೇಬಲ್, ಫೋಲ್ಡರ್, ತಾಳ್ಮೆ

ಈಗ ಕಾಪಿ ಮಾಡುವ ಕೆಲಸ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿದಾಗ ಅದು ಸುಮ್ಮನೆ ಚಾರ್ಜ್ ಆಗಲು ಶುರುವಾಗುತ್ತದೆ. ಮೇಲಿನಿಂದ ಪರದೆ ಎಳೆದು ಯುಎಸ್‌ಬಿ ಸೂಚನೆಯನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಆ ಆಯ್ಕೆಯೇ ಬಾರದಿದ್ದರೆ ಫೋನಿನದಲ್ಲ, ಹೆಚ್ಚಾಗಿ ಕೇಬಲ್ಲಿನ ತಪ್ಪು. ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ವಿದ್ಯುತ್ತಿನ ತಂತಿ ಮಾತ್ರ ಇರುತ್ತದೆ, ಮಾಹಿತಿಯ ತಂತಿ ಇರುವುದೇ ಇಲ್ಲ. ಐಫೋನ್ ಆದರೆ ‘ಟ್ರಸ್ಟ್’ ಒತ್ತಬೇಕು. ಜೊತೆಗೆ ಅದರ ಫೋಟೋಸ್ ಸೆಟ್ಟಿಂಗ್‌ನ ಕೆಳಗೆ ‘ಕೀಪ್ ಒರಿಜಿನಲ್ಸ್’ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ 2017ರ ಐಒಎಸ್ 11ರಿಂದ ಬಂದ ಹೆಚ್‌ಇಐಸಿ ಚಿತ್ರಗಳನ್ನು ಫೋನು ದಾರಿಯಲ್ಲೇ ಜೆಪೆಗ್‌ಗೆ ತಿರುಗಿಸುತ್ತಾ ನಡುವೆ ಮುಗ್ಗರಿಸುವುದುಂಟು.

ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ. 1990ರ ದಶಕದ ಕೊನೆಯಲ್ಲಿ ಜಪಾನಿನ ಕ್ಯಾಮೆರಾ ತಯಾರಕರು ಒಪ್ಪಿಕೊಂಡ ಹೆಸರು ಅದು, ಇಂದಿಗೂ ಬದಲಾಗಿಲ್ಲ. ಬಹಳ ಜನ ಅದೊಂದನ್ನೇ ಕಾಪಿ ಮಾಡಿ ಮುಗಿಯಿತೆನ್ನುತ್ತಾರೆ. ಆದರೆ ನಮ್ಮ ಮನೆಗಳ ಮುಖ್ಯ ಚಿತ್ರಗಳಲ್ಲಿ ಎಷ್ಟೋ ನಾವು ತೆಗೆದವಲ್ಲ, ಬೇರೆಯವರು ಕಳಿಸಿದವು: ನಾಮಕರಣದಲ್ಲಿ ಭಾವ ತೆಗೆದದ್ದು, ದುಬೈಯಿಂದ ಮಗಳು ಕಳಿಸಿದ್ದು, ಊರ ಜಾತ್ರೆಯಲ್ಲಿ ಪಕ್ಕದ ಮನೆಯವರು ಹಿಡಿದ ವಿಡಿಯೊ. ಅವೆಲ್ಲ ವಾಟ್ಸ್‌ಆ್ಯಪ್ ಫೋಲ್ಡರಿನಲ್ಲಿರುತ್ತವೆ. ಆಂಡ್ರಾಯ್ಡ್ 11ರಿಂದ ಈಚೆಗೆ ಆ ಫೋಲ್ಡರು ‘ಆಂಡ್ರಾಯ್ಡ್’, ಅದರೊಳಗೆ ‘ಮೀಡಿಯಾ’, ಅದರೊಳಗೆ ‘ಕಾಮ್.ವಾಟ್ಸ್‌ಆ್ಯಪ್’ ಹೀಗೆ ಆಳದಲ್ಲಿ ಕೂತಿದೆ. ಅದನ್ನು ಇಡಿಯಾಗಿ ಕಾಪಿ ಮಾಡಿಕೊಳ್ಳಿ. ಶುಭೋದಯದ ಹೂವಿನ ಚಿತ್ರಗಳೂ ಜೊತೆಗೆ ಬರುತ್ತವೆ, ಬರಲಿ. ಅವನ್ನು ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೂತು ತೆಗೆಯಬಹುದು. ಫೋನಿನ ಪುಟ್ಟ ತೆರೆಯಲ್ಲಿ ಅವಸರದಿಂದ ಆರಿಸಲು ಹೋದರೆ ಅಜ್ಜಿಯ ಚಿತ್ರವೂ ಹೂವಿನ ಜೊತೆ ಹೋದೀತು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಮೂಲ ಚಿತ್ರವಲ್ಲ ಎಂಬುದೂ ನೆನಪಿರಲಿ. ಕಳಿಸುವಾಗಲೇ ಅದರ ಅಳತೆ ಕುಗ್ಗುತ್ತದೆ, ತೆಗೆದ ದಿನ, ಜಾಗದ ವಿವರಗಳೂ ಕಳಚಿಹೋಗುತ್ತವೆ. ಉಳಿಯುವುದು ಫೈಲಿನ ಹೆಸರಿನಲ್ಲಿರುವ ತಾರೀಖು: ‘ಐಎಂಜಿ-20190814-ಡಬ್ಲ್ಯುಎ0007’ ಎಂದಿದ್ದರೆ 2019ರ ಆಗಸ್ಟ್ 14ರಂದು ಬಂದ ಚಿತ್ರ. ಆದ್ದರಿಂದ ಆ ಹೆಸರುಗಳನ್ನು ಬದಲಾಯಿಸಬೇಡಿ. ಮದುವೆ, ಗೃಹಪ್ರವೇಶದಂಥ ಸಂದರ್ಭದ ಚಿತ್ರಗಳನ್ನು ತೆಗೆದವರಿಂದಲೇ ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೇಳಿದರೆ ಮೂಲ ಅಳತೆಯಲ್ಲೇ ಸಿಗುತ್ತವೆ.

ಒಂದು ಎಚ್ಚರಿಕೆ. ಯಾವತ್ತಾದರೂ ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದ್ದರೆ, ಅಲ್ಲಿಯವರೆಗಿನ ಚಿತ್ರಗಳು ಫೋನಿನಲ್ಲಿಲ್ಲ. ಆ್ಯಪ್‌ನಲ್ಲಿ ಕಾಣುತ್ತವೆ, ಬೆರಳಿಟ್ಟರೆ ದೊಡ್ಡದೂ ಆಗುತ್ತವೆ, ಆದರೆ ಅವು ಇಂಟರ್‌ನೆಟ್ಟಿನಿಂದ ಬಂದು ಕಾಣುವಂಥವು. ಕೇಬಲ್ ಹಾಕಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಐಫೋನಿನಲ್ಲಿ ‘ಆಪ್ಟಿಮೈಸ್ ಸ್ಟೋರೇಜ್’ ಚಾಲೂ ಇದ್ದರೂ ಇದೇ ಕಥೆ. ಐಕ್ಲೌಡ್ ಬಳಸುವವರು ಐಕ್ಲೌಡಿನಿಂದ, ಗೂಗಲ್ ಫೋಟೋಸ್ ಬಳಸುವವರು ಗೂಗಲ್‌ನ ‘ಟೇಕ್‌ಔಟ್’ ಸೇವೆಯಿಂದ ತಮ್ಮ ಪೂರ್ತಿ ಸಂಗ್ರಹವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಫೋನಿನಲ್ಲಿ ಹತ್ತು ವರ್ಷದ ಚಿತ್ರ ನೋಡುವವರು ಕಾಪಿ ಮಾಡಿದ ಫೋಲ್ಡರಿನಲ್ಲಿ ಎರಡೇ ವರ್ಷದ್ದು ಕಂಡರೆ ಕಾರಣ ಇದೇ.

ಸಮಯ ಎಷ್ಟು ಬೇಕು? ಬಹಳಷ್ಟು ಸಾಧಾರಣ ಫೋನುಗಳಲ್ಲಿರುವುದು ಯುಎಸ್‌ಬಿ 2.0. ಅದರ ಹೇಳಿಕೆಯ ವೇಗ ಸೆಕೆಂಡಿಗೆ 480 ಮೆಗಾಬಿಟ್, ನಿಜವಾಗಿ ಸಿಗುವುದು ಸುಮಾರು 30 ಮೆಗಾಬೈಟ್. ಆ ಲೆಕ್ಕದಲ್ಲಿ 64 ಜಿಬಿಗೆ 35 ನಿಮಿಷದ ಮೇಲೆ. ಸಾವಿರಾರು ಸಣ್ಣ ಫೈಲುಗಳಿದ್ದರೆ ಇನ್ನೂ ಎಷ್ಟೋ ಹೆಚ್ಚು. ಫೋನಿಗೂ ಕಂಪ್ಯೂಟರಿಗೂ ನಡುವೆ ಮಾತಾಡುವ ಎಂಟಿಪಿ ಎಂಬ ವಿಧಾನ ದೊಡ್ಡ ರಾಶಿ ಕಂಡರೆ ನಡುವೆ ನಿಂತುಬಿಡುತ್ತದೆ. ಹಾಗಾಗಿ ಒಂದು ಸಲಕ್ಕೆ ಐನೂರು, ಸಾವಿರ ಚಿತ್ರ ಸಾಕು. ಫೋನಿನ ತೆರೆ ಆರದಂತೆ ನೋಡಿಕೊಳ್ಳಿ. ಎಷ್ಟೇ ಅವಸರವಿದ್ದರೂ ‘ಕಟ್’ ಒತ್ತಬೇಡಿ, ‘ಕಾಪಿ’ ಮಾತ್ರ. ನಡುವೆ ಕೇಬಲ್ ಕದಲಿದರೆ ಕಟ್ ಮಾಡಿದ ಚಿತ್ರ ಈಚೆಯೂ ಇಲ್ಲ, ಆಚೆಯೂ ಇಲ್ಲ ಎಂದಾಗಬಹುದು.

ಕಾಪಿಯಾಯಿತು ಎಂಬುದಕ್ಕೂ ಬ್ಯಾಕಪ್ ಆಯಿತು ಎಂಬುದಕ್ಕೂ ನಡುವೆ ಒಂದು ಹೆಜ್ಜೆ ಬಾಕಿ ಇರುತ್ತದೆ: ತೆರೆದು ನೋಡುವುದು. ಇದನ್ನು ಬಿಟ್ಟವರು ಸಾಮಾನ್ಯರಷ್ಟೇ ಅಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಫೈಲುಗಳಲ್ಲಿ ಹೆಚ್ಚಿನ ಪಾಲು ಕಣ್ಣೆದುರೇ ಅಳಿಸಿಹೋಯಿತು. ಬ್ಯಾಕಪ್ ಟೇಪು ಇತ್ತು. ಆದರೆ ಅದು ಸರಿಯಾಗಿ ಬರೆದುಕೊಳ್ಳುತ್ತಿಲ್ಲ ಎಂಬುದು ಅಂದಿನವರೆಗೆ ಯಾರಿಗೂ ತಿಳಿದಿರಲಿಲ್ಲ, ತಿರುಗಿ ತೆಗೆದು ನೋಡಿರಲೇ ಇಲ್ಲ. ಚಿತ್ರವನ್ನು ಉಳಿಸಿದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್ಮನ್ ಅವರ ಮನೆಯಲ್ಲಿದ್ದ ಕಂಪ್ಯೂಟರ್. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಅಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಗೆ ತಂದರು.

ನಮ್ಮ ಪರೀಕ್ಷೆ ಸರಳ. ಫೋನಿನ ಫೋಲ್ಡರಿನಲ್ಲೂ ಲ್ಯಾಪ್‌ಟಾಪಿನ ಫೋಲ್ಡರಿನಲ್ಲೂ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಹೊಂದುತ್ತವೆಯೇ ನೋಡುವುದು. ತೀರ ಹಳೆಯದೊಂದು, ನಡುವಿನದೊಂದು, ನಿನ್ನೆಯದೊಂದು ಚಿತ್ರ ತೆರೆಯುವುದು. ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿ ನೋಡುವುದು. ಅರ್ಧ ಕಾಪಿಯಾದ ವಿಡಿಯೊ ಮೊದಲರ್ಧ ಚೆನ್ನಾಗಿಯೇ ಓಡಬಹುದು. ಚಿತ್ರಗಳ ಪುಟ್ಟ ರೂಪಗಳು ಸಾಲಾಗಿ ಕಂಡ ಮಾತ್ರಕ್ಕೆ ತೃಪ್ತಿಪಡಬಾರದು.

ಲ್ಯಾಪ್‌ಟಾಪಿಗೆ ಬಂದ ಮೇಲೆ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ತಕರಾರು ಮಾಡುವುದಿಲ್ಲ. ಹಳೆಯ ಫೋಟೊಗಳ ಹಿಂದೆ ಪೆನ್ನಿನಲ್ಲಿ ‘ಶಾರದೆಯ ಮದುವೆ, 1974’ ಎಂದು ಬರೆದಿಡುತ್ತಿದ್ದರಲ್ಲ, ಆ ಕೆಲಸವನ್ನು ಈಗ ಫೋಲ್ಡರಿನ ಹೆಸರು ಮಾಡಬೇಕು. ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕ ಕೂತು ಹೆಸರುಗಳನ್ನು ಬರೆದುಕೊಳ್ಳುವುದು ಒಳ್ಳೆಯದು.

ಲ್ಯಾಪ್‌ಟಾಪಿಗೆ ಬಂದ ಕೂಡಲೇ ಫೋನಿನಿಂದ ಎಲ್ಲವನ್ನೂ ಅಳಿಸಿ ಜಾಗ ಮಾಡಿಕೊಂಡರೆ ನಾವು ಮತ್ತೆ ಮೊದಲಿನ ಜಾಗಕ್ಕೇ ಬಂದೆವು: ಒಂದೇ ಪ್ರತಿ, ಫೋನಿನ ಬದಲು ಲ್ಯಾಪ್‌ಟಾಪಿನಲ್ಲಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಮನೆಯ ಹೊರಗೆ. ಸ್ಟುಡಿಯೊ ಕಾಲದ ಮನೆಗಳಲ್ಲಿ ತಾನಾಗಿ ಆಗುತ್ತಿದ್ದುದನ್ನೇ ಈಗ ನಾವು ಯೋಚಿಸಿ ಮಾಡಬೇಕಾಗಿದೆ. ಮನೆಯ ಹೊರಗೆ ಒಂದು ಎಂಬುದು ಅತಿ ಜಾಗರೂಕತೆಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳಿಗೆ ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಮನೆಯೊಳಗೆ ಎಷ್ಟು ಪ್ರತಿ ಇದ್ದರೂ ಅಂಥ ದಿನ ಒಂದೇ ಲೆಕ್ಕ.

ಇದಕ್ಕೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಲ್ಯಾಪ್‌ಟಾಪಿನ ಫೋಟೊ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ, ಬಿಚ್ಚಿ, ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಬೇರೆ ಊರಲ್ಲಿ ಇಡಿ. ಹಬ್ಬಕ್ಕೋ ಮದುವೆಗೋ ಹೋದಾಗ ತಂದು ಹೊಸದನ್ನು ಸೇರಿಸಿ ಮುಂದಿನ ಸಲ ಮರಳಿಸಿ. ಅವರ ಡಿಸ್ಕು ನಿಮ್ಮ ಮನೆಯಲ್ಲಿರಲಿ. ಸದಾ ಚುಚ್ಚಿಯೇ ಇಟ್ಟ ಡಿಸ್ಕು ವನ್ನಾಕ್ರೈನಂಥದ್ದು ಬಂದಾಗ ಲ್ಯಾಪ್‌ಟಾಪಿನ ಜೊತೆಗೇ ಹೋಗುತ್ತದೆ, ಆದ್ದರಿಂದ ಬಿಚ್ಚಿಡುವುದು ಮುಖ್ಯ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿಯಾಗಲಿ ಪೆನ್‌ಡ್ರೈವ್ ಆಗಲಿ ಒಳ್ಳೆಯ ಆಯ್ಕೆಯಲ್ಲ. ಅವು ಮಾಹಿತಿಯನ್ನು ಹಿಡಿದಿಡುವುದು ವಿದ್ಯುತ್ ಚಾರ್ಜಿನ ರೂಪದಲ್ಲಿ. ಕರೆಂಟೇ ಕಾಣದೆ ಬಹಳ ಕಾಲ ಬಿದ್ದಿದ್ದರೆ, ಅದರಲ್ಲೂ ಸೆಕೆಯಲ್ಲಿ, ಆ ಚಾರ್ಜು ನಿಧಾನ ಸೋರುತ್ತದೆ. ತನ್ನ ಆಯಸ್ಸನ್ನು ಪೂರ್ತಿ ಬಳಸಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದಷ್ಟೇ ಆ ಉದ್ಯಮದ ಮಾನದಂಡ. ಕಲಬುರಗಿಯ ಬೇಸಿಗೆ ಅದಕ್ಕಿಂತ ಬಿಸಿ. ದಿನಾ ಬಳಸುವ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಸರಿ, ಕಪಾಟಿಗೆ ಹಾರ್ಡ್ ಡಿಸ್ಕ್ ಸರಿ. ಅದನ್ನೂ ವರ್ಷಕ್ಕೆರಡು ಸಲ ತೆಗೆದು ಓಡಿಸಬೇಕು.

ಗೂಢಲಿಪಿಯ ಬೀಗ ಲ್ಯಾಪ್‌ಟಾಪಿಗೂ ಬೇಕೇ ಎಂದು ಕೆಲವರು ಕೇಳುತ್ತಾರೆ. ಹೊರಗೆ ಒಯ್ಯುವ ಯಂತ್ರಕ್ಕೆ ಬೇಕು. ಮನೆಯಲ್ಲೇ ಇರುವ ಫೋಟೊ ಯಂತ್ರಕ್ಕೆ, ನನ್ನ ಅಭಿಪ್ರಾಯದಲ್ಲಿ, ಕಳ್ಳನಿಗಿಂತ ಮರೆವಿನ ಭಯವೇ ಹೆಚ್ಚು. ಬೀಗ ಹಾಕಿದರೆ ಪಾಸ್‌ವರ್ಡನ್ನೂ ರಿಕವರಿ ಕೀಯನ್ನೂ ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ, ಮನೆಯ ಇನ್ನೊಬ್ಬರಿಗೆ ತಿಳಿಸಿ. ಒಬ್ಬರ ತಲೆಯಲ್ಲಿ ಮಾತ್ರ ಇರುವ ಪಾಸ್‌ವರ್ಡು ಅವರೊಂದಿಗೇ ಹೋಗುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಯಾರ ಫೋನಿನಿಂದ ಶುರುಮಾಡುವುದು ಎಂದರೆ, ನಿಮ್ಮದರಿಂದ ಬೇಡ. ಮನೆಯಲ್ಲಿ ಅತಿ ಹಳೆಯ ಫೋನು ಬಳಸುವವರು ಯಾರೋ, ಅಮ್ಮನೋ ಮಾವನೋ ಅಜ್ಜನೋ, ಅವರದ್ದನ್ನು ಮೊದಲು ಕೇಬಲ್ಲಿಗೆ ಹಾಕಿ. ಸ್ಟೋರೇಜ್ ತುಂಬಿದ್ದೂ ಬ್ಯಾಟರಿ ಸೋತದ್ದೂ ಗೂಗಲ್ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ್ದೂ ಅಲ್ಲೇ. ಫೋಟೊಗಳ ಜೊತೆ ‘ವಾಟ್ಸ್‌ಆ್ಯಪ್ ವಾಯ್ಸ್ ನೋಟ್ಸ್’ ಎಂಬ ಫೋಲ್ಡರನ್ನೂ ಮರೆಯದೆ ಕಾಪಿ ಮಾಡಿಕೊಳ್ಳಿ. ಟೈಪ್ ಮಾಡಲು ಬಾರದ ಹಿರಿಯರು ಮೈಕಿನ ಗುರುತು ಒತ್ತಿ ಆಡಿದ ಮಾತುಗಳೆಲ್ಲ ಓಪಸ್ ಎಂಬ ಪುಟ್ಟ ಫೈಲುಗಳಾಗಿ ಅಲ್ಲಿರುತ್ತವೆ. ಅವರ ದನಿ ಬೇರೆಲ್ಲೂ ದಾಖಲಾಗಿರುವುದಿಲ್ಲ. ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ಅವು ಓಡುತ್ತವೆ.